ಗಡ್ಡಕ್ಕೆ ಮೊದಲು ನೀರು, ಆಮೇಲೆ ಎಣ್ಣೆ

ನಮ್ಮದು ತಿಪಟೂರಿನ ಕಡೆ ಒಂದು ಹಳ್ಳಿ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಸಂತೆಗೆ ಹೋದಾಗ ಅವರ ಕ್ಷೌರ ಮುಗಿಯುವವರೆಗೂ ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಕ್ಷೌರ ಮಾಡುತ್ತಿದ್ದ ಹಿರಿಯರು ಪೆಟ್ಟಿಗೆ ತೆರೆದ ಕೂಡಲೇ ಕೈ ಹಾಕುತ್ತಿದ್ದುದು ನೀರಿನ ಬಟ್ಟಲಿಗೆ. ಅಂಗೈಯಲ್ಲಿ ನೀರು ತೆಗೆದುಕೊಂಡು ಅಜ್ಜನ ಕೆನ್ನೆ, ಗದ್ದ, ಗಂಟಲು ಎಲ್ಲವನ್ನೂ ಉಜ್ಜುತ್ತಲೇ ಇರುತ್ತಿದ್ದರು. ಮೊದಮೊದಲು ಒಣ ತೆಂಗಿನ ನಾರು ತಿಕ್ಕಿದ ಹಾಗೆ ಚರಚರ ಸದ್ದು. ನೀರು ಕುಡಿಯುತ್ತ ಬಂದಂತೆ ಆ ಸದ್ದು ಇಳಿಯುತ್ತ ಹೋಗಿ, ಪೂರಾ ನಿಂತ ಮೇಲೆಯೇ ಅವರು ಕತ್ತಿ ಎತ್ತಿಕೊಳ್ಳುತ್ತಿದ್ದರು. ಕೊಬ್ಬರಿಯ ಸೀಮೆಯಲ್ಲಿ ಎಣ್ಣೆಗೇನೂ ಬರವಿರಲಿಲ್ಲ. ಆದರೂ ಅವರು ಗಡ್ಡಕ್ಕೆ ಎಣ್ಣೆ ಮುಟ್ಟಿಸಿದ್ದನ್ನು ನಾನು ನೋಡಲಿಲ್ಲ.

ಈಗ ಶೇವಿಂಗ್ ಕ್ರೀಮಿನ ಪಕ್ಕದಲ್ಲೇ ‘ಪ್ರೀ ಶೇವ್ ಆಯಿಲ್’ ಎಂಬ ಪುಟ್ಟ ಬಾಟಲಿಗಳು ಬಂದು ಕೂತಿವೆ. ಬ್ರಷ್ಷು, ಸೋಪು, ಸೇಫ್ಟಿ ರೇಜರ್ ಹಿಡಿದು ಶೇವ್ ಮಾಡಿಕೊಳ್ಳುವ ಅಭ್ಯಾಸಕ್ಕೆ ಮರಳುತ್ತಿರುವ ಹುಡುಗರು ಕೇಳುತ್ತಾರೆ: ‘ಚಿಕ್ಕಪ್ಪ, ಇದಕ್ಕೆ ದುಡ್ಡು ಹಾಕಬಹುದಾ?’ ನಾನು ಹೇಳುವುದು ಇಷ್ಟೇ: ನೀರಿನ ಕೆಲಸ ಸರಿಯಾಗಿ ಆಗಿದ್ದರೆ ಮಾತ್ರ ಎಣ್ಣೆಯ ಮಾತು. ಆಮೇಲೂ ಅದು ನಿಮಗೆ ಬೇಕೋ ಬೇಡವೋ ಎಂದು ನಿಮ್ಮ ಮುಖವೇ ಹೇಳಬೇಕು. ಅದನ್ನು ಕೇಳಿ ತಿಳಿದುಕೊಳ್ಳುವ ದಾರಿ ಮುಂದಿದೆ.

ಎಣ್ಣೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬಾಟಲಿಯ ಮೇಲೆ ‘ಗಡ್ಡವನ್ನು ಮೆತ್ತಗಾಗಿಸುತ್ತದೆ’ ಎಂದು ಬರೆದಿರುತ್ತದೆ. ಗಡ್ಡವನ್ನು ಮೆತ್ತಗೆ ಮಾಡುವುದು ನೀರು. ಕೂದಲು ತನ್ನ ತೂಕದ ಶೇಕಡ 30ರ ಆಸುಪಾಸಿನಷ್ಟು ನೀರು ಹೀರಿಕೊಳ್ಳಬಲ್ಲದು. ಹಾಗೆ ನೆನೆದ ಕೂದಲನ್ನು ಕತ್ತರಿಸಲು ಒಣ ಕೂದಲಿಗಿಂತ ತೀರಾ ಕಡಿಮೆ ಬಲ ಸಾಕು. ಬೆಚ್ಚಗಿನ ನೀರಾದರೆ ಎರಡು ಮೂರು ನಿಮಿಷದಲ್ಲಿ ನೆನೆಯುತ್ತದೆ. ಎಣ್ಣೆಯ ಕೆಲಸ ಬೇರೆ. ಅದು ಚರ್ಮಕ್ಕೂ ಬ್ಲೇಡಿಗೂ ನಡುವೆ ತೆಳ್ಳನೆಯ ಜಾರು ಪದರವಾಗಿ ನಿಲ್ಲುತ್ತದೆ. ನೊರೆ ಆರಿದ ಜಾಗದಲ್ಲಿ ಅಥವಾ ಒಂದೇ ಜಾಗದ ಮೇಲೆ ಎರಡನೇ ಸಲ ಬ್ಲೇಡು ಹೋಗುವಾಗ ತರಚದಂತೆ ತಡೆಯುತ್ತದೆ. ಉಪಯೋಗ ಇದೆ, ಆದರೆ ಇಷ್ಟೇ.

ನಮ್ಮವರು ಎಡವುವುದೂ ಇಲ್ಲೇ. ಅಭ್ಯಂಜನವಾಗಲಿ, ತಲೆಸ್ನಾನವಾಗಲಿ, ನಮ್ಮಲ್ಲಿ ಎಣ್ಣೆ ಮೊದಲು, ನೀರು ಆಮೇಲೆ. ತಲೆಗೂದಲಿಗೆ ಅದು ಒಳ್ಳೆಯದೇ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕಿಳಿದು, ನೀರಿನಲ್ಲಿ ಅದು ಉಬ್ಬುವುದನ್ನು ತಗ್ಗಿಸಿ, ಪ್ರೊಟೀನ್ ನಷ್ಟವಾಗದಂತೆ ಕಾಪಾಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ತೋರಿಸಿತ್ತು. ಶೇವಿಂಗ್‌ನಲ್ಲಿ ನಮಗೆ ಬೇಕಾದ್ದು ಇದರ ತದ್ವಿರುದ್ಧ: ಕೂದಲು ನೀರು ಕುಡಿದು ಉಬ್ಬಬೇಕು. ಒಣ ಗಡ್ಡಕ್ಕೆ ಮೊದಲೇ ಎಣ್ಣೆ ಬಳಿದರೆ ನೀರಿಗೆ ನಾವೇ ಬಾಗಿಲು ಹಾಕಿದ ಹಾಗೆ. ನಾನೂ ಒಮ್ಮೆ ಬೆಳಗಿನ ಅವಸರದಲ್ಲಿ ಹೀಗೇ ಮಾಡಿ, ಬ್ಲೇಡು ಕೂದಲನ್ನು ಕತ್ತರಿಸದೆ ಕೀಳುತ್ತ ಹೋಗಿ, ದವಡೆಯ ಕೆಳಗೆ ಗಾಯ ಮಾಡಿಕೊಂಡಿದ್ದೆ. ಪಟಿಕ ಒತ್ತಿ ಹಿಡಿದರೂ ರಕ್ತ ನಿಲ್ಲಲು ಹೊತ್ತು ಹಿಡಿಯಿತು.

ಮಾಡುವ ಕ್ರಮ

ಶೇವಿಂಗನ್ನು ಸ್ನಾನ ಆದ ಮೇಲೆ ಇಟ್ಟುಕೊಳ್ಳಿ. ಆಗದಿದ್ದರೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಎರಡು ನಿಮಿಷ ಮುಖದ ಮೇಲೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಒಮ್ಮೆ ಸೋಪಿನಲ್ಲಿ ಮುಖ ತೊಳೆಯುವುದು ಒಳ್ಳೆಯದು, ಚರ್ಮದ ಜಿಡ್ಡು ಹೋದರೆ ಕೂದಲು ಬೇಗ ನೆನೆಯುತ್ತದೆ. ಆಮೇಲೆ ಒದ್ದೆ ಅಂಗೈಯಿಂದ ಗಡ್ಡವನ್ನು ಉಜ್ಜಿ, ಕಿವಿಗೊಟ್ಟು ಕೇಳಿ. ಚರಚರ ಸದ್ದು ಇನ್ನೂ ಇದ್ದರೆ ಮತ್ತಷ್ಟು ನೀರು.

ಮುಖವನ್ನು ಒರೆಸಿಕೊಳ್ಳಬೇಡಿ. ಒದ್ದೆಯಿರುವಾಗಲೇ ಅಂಗೈಗೆ ಎರಡು, ಹೆಚ್ಚೆಂದರೆ ಮೂರು ತೊಟ್ಟು ಎಣ್ಣೆ ಹಾಕಿಕೊಂಡು, ಎರಡೂ ಕೈಗೆ ಹರಡಿಕೊಂಡು, ಗಡ್ಡದ ಬುಡಕ್ಕೆ ಸಿಗುವಂತೆ ವೃತ್ತಾಕಾರದಲ್ಲಿ ಅರ್ಧ ನಿಮಿಷ ತಿಕ್ಕಿ. ಕನ್ನಡಿಯಲ್ಲಿ ಮುಖ ಮಿರಮಿರ ಮಿಂಚಿದರೆ ಎಣ್ಣೆ ಜಾಸ್ತಿಯಾಯಿತೆಂದೇ ಅರ್ಥ. ಹೆಚ್ಚಾದ ಎಣ್ಣೆ ನೊರೆಯನ್ನು ಕೊಲ್ಲುತ್ತದೆ: ಬ್ರಷ್ಷಿನಿಂದ ಎಷ್ಟು ತಿರುಗಿಸಿದರೂ ಗುಳ್ಳೆಗಳು ಒಡೆದು ನೀರುನೀರಾಗುತ್ತದೆ. ಬ್ರಷ್ಷಿಗೆ ಜಿಡ್ಡು ಹತ್ತದಿರಲೆಂದು ನಾನು ನೊರೆಯನ್ನು ಮುಖದ ಮೇಲೆ ಎಬ್ಬಿಸದೆ, ಒಂದು ಬಟ್ಟಲಿನಲ್ಲಿ ಕಡೆದುಕೊಂಡು ಎಣ್ಣೆಯ ಮೇಲೆ ಹಚ್ಚುತ್ತೇನೆ. ಹಚ್ಚುವ ಮುಂಚೆ ಬೆರಳ ತುದಿಯ ಜಿಡ್ಡನ್ನು ಸೋಪಿನಿಂದ ತೊಳೆದುಕೊಳ್ಳಿ, ರೇಜರ್ ಕೈಯಿಂದ ಜಾರಬಾರದು. ಇನ್ನು ಬ್ಲೇಡು ನಡೆಸುವುದು ಎಂದಿನಂತೆ: ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನ, ಕೂದಲು ಮಲಗಿದ ದಿಕ್ಕಿಗೆ, ಒತ್ತದೆ.

ಅರ್ಧ ಮುಖದ ಪರೀಕ್ಷೆ

ಎಣ್ಣೆ ಹಚ್ಚಿದ ದಿನ ಶೇವ್ ಚೆನ್ನಾಯಿತೆಂದು ಹಲವರು ಹೇಳುತ್ತಾರೆ. ಆದರೆ ಎಣ್ಣೆಯ ನೆಪದಲ್ಲಿ ಅವರು ಅರ್ಧ ನಿಮಿಷ ಹೆಚ್ಚಾಗಿ ಗಡ್ಡ ತಿಕ್ಕಿರುತ್ತಾರೆ, ಅಷ್ಟು ಹೊತ್ತು ನೀರೂ ಹೆಚ್ಚಾಗಿ ಇಳಿದಿರುತ್ತದೆ. ಪುಣ್ಯ ಯಾರದೆಂದು ಬೇರ್ಪಡಿಸಿ ನೋಡಬೇಕಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ ಇದು.

ಹೊಸ ಬ್ಲೇಡು ಹಾಕಿ. ಸೇಫ್ಟಿ ರೇಜರಿನ ಬ್ಲೇಡಿಗೆ ಎರಡು ಬಾಯಿ. ರೇಜರ್ ತಲೆಯ ಒಂದು ಬದಿಗೆ ಉಗುರುಬಣ್ಣದ ಚುಕ್ಕಿ ಇಡಿ. ಬ್ಲೇಡು ಒಳಗೆ ತಿರುಗಿ ಕೂರಬಾರದು, ಹಾಗಾಗಿ ವಾರವಿಡೀ ಅದನ್ನು ಬಿಚ್ಚದೆ ನೀರಿನಲ್ಲೇ ಜಾಲಾಡಿಸಿ. ಚುಕ್ಕಿಯ ಬದಿ ಎಣ್ಣೆ ಹಚ್ಚಿದ ಬಲಗೆನ್ನೆಗೆ, ಇನ್ನೊಂದು ಬದಿ ಎಡಗೆನ್ನೆಗೆ. ಎಡಗೆನ್ನೆಗೆ ಎಣ್ಣೆಯಿಲ್ಲ, ಆದರೆ ಅಷ್ಟೇ ಹೊತ್ತು ಬರೀ ನೀರಿನಿಂದ ತಿಕ್ಕಬೇಕು. ಇದನ್ನು ತಪ್ಪಿಸಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಎರಡನೇ ವಾರ ಹೊಸ ಬ್ಲೇಡು ಹಾಕಿ ಕೆನ್ನೆ ಅದಲುಬದಲು ಮಾಡಿ. ಬಲಗೈಯವರಿಗೆ ಎರಡೂ ಕೆನ್ನೆಯ ಮೇಲೆ ಕೈ ಒಂದೇ ತರಹ ಓಡುವುದಿಲ್ಲ, ಆ ವ್ಯತ್ಯಾಸವನ್ನು ಎಣ್ಣೆಯ ಲೆಕ್ಕಕ್ಕೆ ಬರೆಯಬಾರದು. ಪ್ರತಿದಿನ ಮೂರನ್ನು ಗುರುತು ಹಾಕಿಕೊಳ್ಳಿ: ಬ್ಲೇಡು ಎಳೆಯಿತೇ, ಪಟಿಕ ಸವರಿದಾಗ ಎಲ್ಲಿ ಉರಿಯಿತು, ಸಂಜೆಗೆ ಎಲ್ಲಿ ಕೆಂಪು ಗುಳ್ಳೆ ಎದ್ದಿತು. ಪಟಿಕದ ಉರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಕಣ್ಣಿಗೆ ಕಾಣದ ತರಚನ್ನೂ ಅದು ಹೇಳಿಬಿಡುತ್ತದೆ.

ನನ್ನ ಕೆನ್ನೆಗಳಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ. ಗಂಟಲಿನಲ್ಲಿ ಸಿಕ್ಕಿತು. ಅಲ್ಲಿ ಕೂದಲು ಸುಳಿಸುಳಿಯಾಗಿ ಬೆಳೆಯುವುದರಿಂದ ಒಂದೇ ಜಾಗಕ್ಕೆ ಮೂರು ಸಲ ಬ್ಲೇಡು ಹೋಗುತ್ತದೆ. ಎಣ್ಣೆಯ ಬದಿಯಲ್ಲಿ ಉರಿ ಕಡಿಮೆಯಿತ್ತು, ಕೆನ್ನೆ ಬದಲಿಸಿದ ವಾರವೂ ಹಾಗೆಯೇ ಇತ್ತು.

ಯಾರಿಗೆ, ಯಾವ ಎಣ್ಣೆ

ಒಣ ಚರ್ಮದವರು, ದಿನಾ ಶೇವ್ ಮಾಡಲೇಬೇಕಾದ ಕೆಲಸದವರು, ಮಾಗಿಯ ಚಳಿಯಲ್ಲಿ ಮುಖ ಬಿರಿಯುವವರು ಪ್ರಯತ್ನಿಸಬಹುದು. ಮೊಡವೆ ಏಳುವವರು ಕೊಬ್ಬರಿ ಎಣ್ಣೆಯಿಂದ ದೂರವಿರಿ, ಅದು ರಂಧ್ರ ಕಟ್ಟಿಸಿ ಮೊಡವೆ ಹೆಚ್ಚಿಸಬಹುದು. ಜೊತೆಗೆ ಅದು 24-25 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಳಗ್ಗೆ ತೊಟ್ಟು ಬೀಳುವುದೇ ಕಷ್ಟ. ಹರಳೆಣ್ಣೆ ಒಳ್ಳೆಯ ಜಾರು ಕೊಡುತ್ತದೆ, ಆದರೆ ತೀರಾ ಮಂದ. ಒಂದು ಪಾಲು ಹರಳೆಣ್ಣೆಗೆ ಮೂರು ನಾಲ್ಕು ಪಾಲು ಸೂರ್ಯಕಾಂತಿ ಎಣ್ಣೆ ಬೆರೆಸಿದರೆ ಹದವಾಗುತ್ತದೆ. ಪುದೀನ, ನೀಲಗಿರಿ ಸುವಾಸನೆ ಸೇರಿಸಿದ ಬಾಟಲಿ ಸೂಕ್ಷ್ಮ ಚರ್ಮಕ್ಕೆ ಬೇಡ. ಒತ್ತೊತ್ತಾಗಿ ಮೂರು ಐದು ಬ್ಲೇಡು ಜೋಡಿಸಿದ ಕಾರ್ಟ್ರಿಜ್ ಬಳಸುವವರಿಗೂ ನಾನು ಬೇಡವೆನ್ನುತ್ತೇನೆ. ಎಣ್ಣೆ ಮತ್ತು ಕತ್ತರಿಸಿದ ಕೂದಲು ಸೇರಿ ಸಂದಿಯಲ್ಲಿ ಕಟ್ಟಿಕೊಂಡು ತೊಳೆದರೂ ಹೋಗುವುದಿಲ್ಲ.

ಬೋರ್‌ವೆಲ್ ನೀರಿನ ಮನೆಯವರಿಗೆ ಇನ್ನೊಂದು ಮಾತು. ಗಡಸು ನೀರಿನಲ್ಲಿ ಸೋಪು ನೊರೆ ಕಟ್ಟದೆ ಬಿಳಿ ಹೆಪ್ಪಾಗುತ್ತದೆ, ಅಂಥ ನೊರೆಗೆ ಜಾರು ಇರುವುದಿಲ್ಲ. ಇದನ್ನು ಎಣ್ಣೆಯಿಂದ ಮುಚ್ಚಲು ಹೋಗುವ ಮುಂಚೆ, ಕುಡಿಯುವ ಫಿಲ್ಟರ್ ನೀರನ್ನು ಒಂದು ಲೋಟ ಬೆಚ್ಚಗೆ ಮಾಡಿ ಅದರಲ್ಲೇ ನೊರೆ ಎಬ್ಬಿಸಿ ನೋಡಿ. ಮೊಂಡಾದ ಬ್ಲೇಡಿಗೂ ಎಣ್ಣೆ ಮದ್ದಲ್ಲ. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಹಾಗಿದ್ದೂ ಕೂದಲು ಬ್ಲೇಡಿನ ಬಾಯಿಯನ್ನು ಹೇಗೆ ಚಕ್ಕೆ ಎಬ್ಬಿಸುತ್ತದೆ ಎಂಬುದನ್ನು ಅಮೆರಿಕದ ಎಂಐಟಿಯ ವಿಜ್ಞಾನಿಗಳು 2020ರಲ್ಲಿ ಸೂಕ್ಷ್ಮದರ್ಶಕದ ಅಡಿಯಲ್ಲಿ ತೋರಿಸಿದರು. ಎಳೆಯತೊಡಗಿದ ಬ್ಲೇಡನ್ನು ಬದಲಿಸಿಬಿಡಿ.

ಮುಗಿದ ಮೇಲೆ ರೇಜರಿನ ತಲೆಯನ್ನು ಬಿಸಿನೀರು, ಸೋಪಿನಿಂದ ತೊಳೆಯಿರಿ (ಪರೀಕ್ಷೆಯ ವಾರಗಳಲ್ಲಿ ಬಿಚ್ಚದೆಯೇ). ಬಚ್ಚಲ ನೆಲಕ್ಕೆ ಎಣ್ಣೆ ಸಿಡಿದಿದ್ದರೆ ಅಲ್ಲೇ ತಿಕ್ಕಿ ತೊಳೆದುಬಿಡಿ, ನಿಮ್ಮ ಹಿಂದೆಯೇ ಮನೆಯ ಹಿರಿಯರು ಅಲ್ಲಿ ಕಾಲಿಡುತ್ತಾರೆ. ಕೊಳ್ಳುವುದಾದರೆ ಅತಿ ಚಿಕ್ಕ ಬಾಟಲಿ ಕೊಳ್ಳಿ. ದಿನಕ್ಕೆ ಎರಡು ತೊಟ್ಟಿನ ಲೆಕ್ಕದಲ್ಲಿ 30 ಮಿಲಿಲೀಟರ್ ಎಣ್ಣೆ ಹತ್ತಿರ ಹತ್ತು ತಿಂಗಳು ಬರುತ್ತದೆ. ಅಷ್ಟರೊಳಗೆ ಕಮಟು ವಾಸನೆ ಬಂದಿತೋ ಎಂದು ಆಗಾಗ ಮುಚ್ಚಳ ತೆರೆದು ಮೂಸಿ ನೋಡಿ, ಬಂದಿದ್ದರೆ ಅದನ್ನು ಮುಖಕ್ಕೆ ಹಚ್ಚಬೇಡಿ.