ಚಿತಾಗಾರಕ್ಕೆ ಹೊರಡುವ ಮುನ್ನ ಮನೆಯವರು ಕೇಳುವ ಪ್ರಶ್ನೆಗಳು

ಸಾವಿನ ಮನೆಯಲ್ಲಿ ಎಲ್ಲರೂ ಅಳುತ್ತಿರುವಾಗಲೇ ಯಾರಾದರೂ ಒಬ್ಬರು ಎದ್ದು ಆಧಾರ್ ಕಾರ್ಡಿಗಾಗಿ ಬೀರು ತಡಕಬೇಕಾಗುತ್ತದೆ. ಅಪ್ಪ ತೀರಿಕೊಂಡ ದಿನ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂದು ಯಾರಾದರೂ ಪಕ್ಕದಲ್ಲಿ ಕುಳಿತು ಇಷ್ಟನ್ನು ಹೇಳಿದ್ದರೆ ಎಷ್ಟೋ ಓಡಾಟ ತಪ್ಪುತ್ತಿತ್ತು. ಬೆಂಗಳೂರಿನಂಥ ಊರಿನ ವಿದ್ಯುತ್ ಚಿತಾಗಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ವೈದ್ಯರ ಕಾಗದ

ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣವನ್ನು ದೃಢೀಕರಿಸುವ ನಮೂನೆ 4 ಅನ್ನು ಅಲ್ಲಿಯೇ ಕೊಡುತ್ತಾರೆ. ಮನೆಯಲ್ಲಿ ತೀರಿಕೊಂಡರೆ, ಕೊನೆಯ ದಿನಗಳಲ್ಲಿ ನೋಡಿಕೊಂಡಿದ್ದ ವೈದ್ಯರನ್ನು ಕರೆಸಿ ನಮೂನೆ 4ಎ ಬರೆಸಿಕೊಳ್ಳಬೇಕು. ಈ ಕಾಗದವಿಲ್ಲದೆ ಹೊರಟರೆ ಚಿತಾಗಾರದ ಕಚೇರಿಯ ಮುಂದೆ ದೇಹವನ್ನು ವಾಹನದಲ್ಲಿಯೇ ಇಟ್ಟುಕೊಂಡು ಕಾಯುವ ಪ್ರಸಂಗ ಬರುತ್ತದೆ. ಅಪಘಾತ, ಆತ್ಮಹತ್ಯೆ ಅಥವಾ ಅನುಮಾನ ಹುಟ್ಟಿಸುವ ಸಾವಾಗಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಮರಣೋತ್ತರ ಪರೀಕ್ಷೆ ನಡೆದು, ಅವರು ದೇಹವನ್ನು ಒಪ್ಪಿಸಿದ ಮೇಲಷ್ಟೇ ಮುಂದಿನ ಕೆಲಸ.

ಫಾರಂ ತುಂಬುವಾಗ ಹೆಸರಿನ ಬಗ್ಗೆ ಎಚ್ಚರವಿರಲಿ. ನಮ್ಮಲ್ಲಿ ಒಬ್ಬರಿಗೇ ಎಷ್ಟೊಂದು ಹೆಸರು! ಅಪ್ಪನ ಆಧಾರಿನಲ್ಲಿ ಊರು ಮತ್ತು ತಂದೆಯ ಹೆಸರು ಪೂರ್ತಿಯಾಗಿದ್ದವು, ಬ್ಯಾಂಕಿನ ಪುಸ್ತಕದಲ್ಲಿ ಬರೀ ಇನಿಷಿಯಲ್, ಪಿಂಚಣಿ ಕಾಗದದಲ್ಲಿ ಕೊನೆಗೊಂದು ‘ಅಪ್ಪ’ ಹೆಚ್ಚು. ಆ ಗಡಿಬಿಡಿಯಲ್ಲಿ ಚಿಕ್ಕಪ್ಪ ಬಾಯಲ್ಲಿ ಬಂದ ಹೆಸರನ್ನು ಹೇಳಿದರು, ಗುಮಾಸ್ತರು ಹಾಗೆಯೇ ಬರೆದುಕೊಂಡರು. ಅದನ್ನು ಸರಿಪಡಿಸಲು ಅಮ್ಮ ಅಫಿಡವಿಟ್ ಹಿಡಿದು ತಿಂಗಳುಗಟ್ಟಲೆ ಅಲೆದರು. ಆದ್ದರಿಂದ ಆಧಾರ್ ಕಾರ್ಡನ್ನು ಕೈಯಲ್ಲಿ ಹಿಡಿದು, ಅದರಲ್ಲಿರುವಂತೆ ಅಕ್ಷರ ಅಕ್ಷರವಾಗಿ ಬರೆಸಿ. ಸಹಿ ಹಾಕುವ ಮುನ್ನ ಮನೆಯ ಇನ್ನೊಬ್ಬರು ಓದಿ ನೋಡಲಿ.

ಕಣ್ಣು ದಾನ ಮಾಡುವುದಿದ್ದರೆ

ಸಾವಿನ ನಂತರ ಇದಕ್ಕೆ ಇರುವ ಸಮಯ ಆರು ಗಂಟೆ ಮಾತ್ರ. ನೇತ್ರ ಬ್ಯಾಂಕಿಗೆ ಫೋನ್ ಮಾಡಿದರೆ ಮನೆಗೇ ಬಂದು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಗೆದುಕೊಳ್ಳುತ್ತಾರೆ. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿ, ಫ್ಯಾನ್ ಆರಿಸಬೇಕು. ಕನ್ನಡಕ ಹಾಕುತ್ತಿದ್ದವರು, ಸಕ್ಕರೆ ಕಾಯಿಲೆಯವರು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರು ಕೂಡ ಕೊಡಬಹುದು. ಮುಖ ವಿಕಾರವಾಗುತ್ತದೆ ಎಂಬ ಭಯ ಬೇಡ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ ಮೇಲೆಯೇ ಲಕ್ಷಾಂತರ ಜನ ಅವರ ಅಂತಿಮ ದರ್ಶನ ಪಡೆದರು.

ಸುಡುವುದೇ, ಹೂಳುವುದೇ?

ಕರ್ನಾಟಕದಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಲಿಂಗಾಯತರಲ್ಲಿ ಕ್ರಿಯಾಸಮಾಧಿ ಇದೆ, ಹೂಳುವ ಪದ್ಧತಿಯ ಇನ್ನೂ ಅನೇಕ ಮನೆತನಗಳಿವೆ. ಎಳೆಯ ಮಕ್ಕಳನ್ನು ಸುಡುವವರ ಮನೆಯಲ್ಲಿಯೂ ಹೂಳುತ್ತಾರೆ. ನಗರಕ್ಕೆ ಬಂದ ಮೇಲೆ ಜಾಗ ಸಿಗದೆ ದಹನಕ್ಕೆ ಒಪ್ಪಿದ ಕುಟುಂಬಗಳೂ ಇವೆ. ತೀರಿಕೊಂಡವರು ಬದುಕಿದ್ದಾಗ ಏನಾದರೂ ಹೇಳಿದ್ದರೆ ಅದೇ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಂಧುಗಳ ಮಾತು ಆಮೇಲಿನದು.

ಸೌದೆಯ ಚಿತೆಗೆ ಕ್ವಿಂಟಾಲುಗಟ್ಟಲೆ ಕಟ್ಟಿಗೆ ಬೇಕು, ಪೂರ್ತಿ ಉರಿಯಲು ಹಲವು ಗಂಟೆ ಹಿಡಿಯುತ್ತದೆ. ವಿದ್ಯುತ್ ಚಿತಾಗಾರದಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆ ಸಾಕು. ‘ಶಾಸ್ತ್ರ ಅರ್ಧಕ್ಕೆ ನಿಲ್ಲುವುದಿಲ್ಲವೇ’ ಎಂದು ಹಿರಿಯರು ಕೇಳುತ್ತಾರೆ. ನಿಲ್ಲುವುದಿಲ್ಲ. ಬಾಯಿಗೆ ಅಕ್ಕಿ ಹಾಕುವುದು, ಮಡಕೆ ಹೊತ್ತು ಸುತ್ತು ಬರುವುದು, ಕರ್ಪೂರ ಹಚ್ಚಿ ಬೆಂಕಿ ಇಡುವುದು ಎಲ್ಲವೂ ಕುಲುಮೆಯ ಮುಂದಿನ ಅಂಗಳದಲ್ಲಿ ನಡೆಯುತ್ತವೆ. ಬೆಂಕಿ ಇಡುವವರು ಮಗನೇ ಆಗಿರಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಮಗಳು, ಹೆಂಡತಿ, ಸೊಸೆ ಯಾರೂ ಇಡಬಹುದು.

ಹೊರಡುವ ಮುನ್ನ

ಹತ್ತಿರದ ಚಿತಾಗಾರಕ್ಕೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ವಿಲ್ಸನ್ ಗಾರ್ಡನ್, ಹೆಬ್ಬಾಳ, ಬನಶಂಕರಿಯಂಥ ಕಡೆ ಒಂದರ ಹಿಂದೆ ಒಂದು ದೇಹ ಬರುವ ದಿನಗಳಿರುತ್ತವೆ, ಕುಲುಮೆ ರಿಪೇರಿಯಲ್ಲಿರುವ ದಿನವೂ ಇರಬಹುದು. ಹೊರದೇಶದಿಂದ ಮಕ್ಕಳು ಬರಬೇಕಿದ್ದರೆ ಬಾಡಿಗೆಗೆ ಫ್ರೀಜರ್ ಬಾಕ್ಸ್ ಸಿಗುತ್ತದೆ. ಎರಡು ಮೂರು ದಿನ ಕಾಯುವುದಾದರೆ ಆಸ್ಪತ್ರೆಯ ಶವಾಗಾರವೇ ಮೇಲು.

ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಆಸ್ಪತ್ರೆಯಲ್ಲಿಯೇ ಹೇಳಿ ತೆಗೆಸಿ. ಶಾಖಕ್ಕೆ ಅದರ ಬ್ಯಾಟರಿ ಸಿಡಿಯುತ್ತದೆ, ಬಾಗಿಲ ಬಳಿ ನಿಂತ ನೌಕರನಿಗೆ ಅಪಾಯ. ಒಡವೆ, ಕನ್ನಡಕ, ಪ್ಲಾಸ್ಟಿಕ್ ಹಾರ, ಗಾಜಿನ ಬಳೆ ಎಲ್ಲವನ್ನೂ ತೆಗೆಯಿರಿ. ಹತ್ತಿಯ ಬಟ್ಟೆ ಒಳ್ಳೆಯದು. ಮಂಡಿಗೆ ಹಾಕಿದ ಲೋಹ ಹಾಗೆಯೇ ಇರಲಿ, ಅದು ಬೂದಿಯಲ್ಲಿ ಉಳಿಯುತ್ತದೆ.

‘ಬೂದಿ ನಮ್ಮವರದೇ ತಾನೇ?’

ಜನ ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆ ಇದು. ಕುಲುಮೆಯೊಳಗೆ ಒಂದು ಸಲಕ್ಕೆ ಒಂದೇ ದೇಹ ಹೋಗುತ್ತದೆ, ಅದರ ಬೂದಿಯನ್ನು ಎಳೆದು ತೆಗೆದ ಮೇಲೆಯೇ ಮುಂದಿನದು. ಮನಸ್ಸು ಒಪ್ಪದಿದ್ದರೆ ಮನೆಯವರೊಬ್ಬರು ಅಲ್ಲೇ ಇರಿ. ನಾನು ಇದ್ದೆ. ಬಾಗಿಲು ಮೇಲೆ ಸರಿದಾಗ ಬಿಸಿ ಗಾಳಿ ಮುಖಕ್ಕೆ ಬಡಿಯಿತು, ಹಳಿಯ ಮೇಲೆ ಚಟ್ಟ ಒಳಗೆ ಜಾರಿತು, ಬಾಗಿಲು ಇಳಿಯಿತು. ಅಷ್ಟೇ, ನಾಲ್ಕೈದು ಕ್ಷಣ. ಸೌದೆಯ ಚಿತೆಯಂತೆ ನಿಧಾನವಾಗಿ ಬೀಳ್ಕೊಡಲು ಅಲ್ಲಿ ಸಮಯವಿಲ್ಲ. ಹಾಗಾಗಿ ನೋಡಬೇಕಾದದ್ದನ್ನು ಅಂಗಳದಲ್ಲಿಯೇ ಕಣ್ತುಂಬ ನೋಡಿಕೊಳ್ಳಿ, ವಯಸ್ಸಾದವರಿಗೆ ಇದನ್ನು ಮೊದಲೇ ತಿಳಿಸಿ. ಆಮೇಲೆ ನೌಕರ ಉದ್ದನೆಯ ಕಬ್ಬಿಣದ ಕೋಲಿನಿಂದ ಬೂದಿ ಎಳೆದು, ನೀರು ಚಿಮುಕಿಸಿ, ಮೂಳೆಯ ಚೂರುಗಳನ್ನು ಆರಿಸಿ ಕುಡಿಕೆಗೆ ಹಾಕಿದ. ಬಟ್ಟೆ ಕಟ್ಟಿ ಕೊಟ್ಟಾಗ ಕುಡಿಕೆ ಇನ್ನೂ ಬೆಚ್ಚಗಿತ್ತು.

ಕುಡಿಕೆಯ ಜೊತೆ ಚಿತಾಗಾರದ ರಸೀದಿಯನ್ನೂ ಮರೆಯದೆ ಪಡೆಯಿರಿ. ಮರಣ ನೋಂದಣಿಗೆ 21 ದಿನ ಗಡುವು. ಆಸ್ಪತ್ರೆಯ ಸಾವಾದರೆ ಮಾಹಿತಿಯನ್ನು ಅವರೇ ಕಳಿಸುತ್ತಾರೆ, ಮನೆಯಲ್ಲಾದರೆ ನೀವು ನೋಂದಣಾಧಿಕಾರಿಗೆ ತಿಳಿಸಬೇಕು. 30 ದಿನ ದಾಟಿದರೆ ಮೇಲಧಿಕಾರಿಯ ಅನುಮತಿ ಬೇಕು. ವರ್ಷ ಕಳೆದರಂತೂ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯಂಥವರ ಆದೇಶ ತರಬೇಕು. ಬ್ಯಾಂಕ್, ವಿಮೆ, ಪಿಂಚಣಿ, ಆಸ್ತಿಯ ಖಾತೆ ಬದಲಾವಣೆ ಎಲ್ಲಕ್ಕೂ ಪ್ರಮಾಣಪತ್ರ ಕೇಳುತ್ತಾರೆ, ನಾಲ್ಕೈದು ಪ್ರತಿಗಳಿರಲಿ.

ಅಸ್ಥಿಯನ್ನು ಅದೇ ದಿನ ಬಿಡಬೇಕೆಂದಿಲ್ಲ. ಮೂರನೆಯ ದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ಗೋಕರ್ಣಕ್ಕೋ ಹೋಗುವವರು ಹೋಗುತ್ತಾರೆ. ಕಾಶಿಗೆ ವಿಮಾನದಲ್ಲಿ ಒಯ್ಯುವುದಾದರೆ ಮರಣ ಪ್ರಮಾಣಪತ್ರ, ಚಿತಾಗಾರದ ರಸೀದಿ ಜೊತೆಗಿರಲಿ, ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ. ಹಿತ್ತಾಳೆ ಚೊಂಬು ಬೇಡ, ತಪಾಸಣೆಯ ಯಂತ್ರಕ್ಕೆ ಅದರೊಳಗಿರುವುದು ಕಾಣುವುದಿಲ್ಲ. ನದಿಗೆ ಬಿಡುವಾಗ ಅಸ್ಥಿಯನ್ನಷ್ಟೇ ಬಿಡಿ, ಕಟ್ಟಿಕೊಂಡು ಹೋದ ಪ್ಲಾಸ್ಟಿಕ್ ಚೀಲವನ್ನು ವಾಪಸು ತನ್ನಿ.