ಬೇಟೆಯ ಚಿತ್ರವನ್ನು ನೆಲದಿಂದ ಓದುವುದು ಹೇಗೆ

ಅರಸರ ಬೇಟೆಚಿತ್ರದಲ್ಲಿ ಕಣ್ಣು ಮೊದಲು ಕುದುರೆಗೋ ಜಿಂಕೆಗೋ ಅಂಟಿಕೊಳ್ಳುತ್ತದೆ. ಅದನ್ನು ಕಿತ್ತು ನೆಲಕ್ಕೆ ತರಬೇಕು, ಯಾರು ಮೇಲು ಯಾರು ಕೆಳಗು ಎಂಬ ಅಂತಸ್ತು ತಿಳಿಯುವುದು ಅಲ್ಲಿ. ಚಿತ್ರದ ಎ3 ಪ್ರಿಂಟ್, ಟ್ರೇಸಿಂಗ್ ಹಾಳೆ, ಎರಡು ಬಣ್ಣದ ಪೆನ್ಸಿಲ್ ಸಾಕು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಗುತ್ತವೆ. ಎ4 ಬೇಡ. ಇಟಲಿಯ ಪಾವ್ಲೊ ಉಚೆಲ್ಲೊ ಸುಮಾರು 1470ರಲ್ಲಿ ಬರೆದ ‘ಕಾಡಿನ ಬೇಟೆ’ ಚಿತ್ರದ ಅಗಲ ಒಂದೂವರೆ ಮೀಟರ್‌ಗೂ ಹೆಚ್ಚು. ಅದನ್ನು ಎ4ಗೆ ಇಳಿಸಿದರೆ ಕಾಲಾಳುಗಳು ಇರುವೆಗಳಾಗುತ್ತಾರೆ, ನಾವು ಹುಡುಕುತ್ತಿರುವುದೋ ಅವರನ್ನೇ.

ಮೊದಲು ದಿಗಂತರೇಖೆ ಎಳೆಯಿರಿ. ವ್ಯಾನ್ ಡೈಕ್ ಸುಮಾರು 1635ರಲ್ಲಿ ಬರೆದ ಇಂಗ್ಲೆಂಡಿನ ಅರಸ ಒಂದನೇ ಚಾರ್ಲ್ಸ್‌ನ ಬೇಟೆಯುಡುಪಿನ ಚಿತ್ರದಲ್ಲಿ ರೇಖೆ ಕೆಳಗಿದೆ. ಗಿಡ್ಡ ಅರಸ ಆಕಾಶಕ್ಕೆ ತಲೆಯಿಟ್ಟು ನಿಂತಂತೆ ಕಾಣುತ್ತಾನೆ. ಕುದುರೆ ತಲೆ ತಗ್ಗಿಸಿದೆ. ಕಿರೀಟದ ಕೆಲಸವನ್ನು ಭೂದೃಶ್ಯವೇ ಮಾಡಿದೆ.

ಆಮೇಲೆ ಸವಾರರಿಗೆ ಕೆಂಪು, ಕಾಲ್ನಡೆಯವರಿಗೆ ನೀಲಿ ಗುರುತು ಹಾಕಿ. ಆಯುಧ ಯಾರ ಕೈಲಿ, ನಾಯಿಯ ಹಗ್ಗ ಯಾರ ಕೈಲಿ ಎಂಬುದನ್ನು ಬೇರೆಯಾಗಿ ಬರೆದುಕೊಳ್ಳಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಹೊಲಕ್ಕೆ. ಗೇನ್ಸ್‌ಬರೋ ಸುಮಾರು 1750ರಲ್ಲಿ ಬರೆದ ಆಂಡ್ರೂಸ್ ದಂಪತಿಯ ಚಿತ್ರ ನೋಡಿ: ಗಂಡನ ತೋಳಲ್ಲಿ ಬಂದೂಕು, ಕಾಲ ಬಳಿ ನಾಯಿ, ಬಲಗಡೆ ಕಟ್ಟಿಟ್ಟ ಗೋಧಿ ಸಿವುಡು. ಕೊಯ್ದವರು? ಒಬ್ಬರೂ ಇಲ್ಲ. ಬಂದೂಕನ್ನು ಬರೀ ಶೋಕಿ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1671ರ ಕಾಯ್ದೆಯ ಪ್ರಕಾರ ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಜಮೀನಿನಂಥ ಅರ್ಹತೆ ಇಲ್ಲದವರು ಮೊಲ, ಕವುಜುಗ ಹೊಡೆಯುವಂತಿರಲಿಲ್ಲ. 1831ರವರೆಗೂ ಈ ಬಗೆಯ ಕಟ್ಟುಪಾಡಿತ್ತು. ಆ ಬಂದೂಕು ಒಂದು ಬಗೆಯ ಪಹಣಿ.

ಎಡವುವುದು ಎಲ್ಲಿ? ಎತ್ತರದಲ್ಲಿದ್ದವನೇ ದೊಡ್ಡವನು ಎಂದು ಹೊರಟಾಗ. ಬ್ರೂಗೆಲ್‌ನ 1565ರ ಹಿಮದ ಬೇಟೆಗಾರರು ದಿಣ್ಣೆಯ ಮೇಲಿದ್ದರೂ ಬೆನ್ನು ತೋರಿಸಿ ನಡೆಯುವ ಹಳ್ಳಿಗರು, ಸಿಕ್ಕಿದ್ದು ಒಂದೇ ನರಿ. ಮೊಘಲ್ ಚಿತ್ರಗಳಲ್ಲಂತೂ ಹಾಳೆಯ ಮೇಲ್ಭಾಗ ಎಂದರೆ ಹೆಚ್ಚಾಗಿ ದೂರ, ಅಂತಸ್ತಲ್ಲ. ಅಕ್ಬರನ ಕಮರ್ಗಾ ಬೇಟೆಯಲ್ಲಿ ಬೇಲಿಯನ್ನು ಮೊದಲು ಟ್ರೇಸ್ ಮಾಡಿ: ಸೋಹುವವರು ಪ್ರಾಣಿಗಳನ್ನು ಸುತ್ತುವರಿದು ಓಡಿಸಿ ತಂದು ಕೂಡಿಹಾಕಿದ ಮೇಲೆ ಒಳಗೆ ಮೊದಲು ಬೇಟೆಯಾಡುವವನು ಬಾದಶಹ. ಯಾರು ಬೇಲಿಯ ಒಳಗೆ, ಯಾರು ಹೊರಗೆ ಎಂಬುದೇ ಅಲ್ಲಿ ಪಂಕ್ತಿಯ ಲೆಕ್ಕ.

ಕೈ ಪಳಗಿದ ಮೇಲೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನದ ಮುಂದೆ ನಿಲ್ಲಿ. ಸುಮಾರು ಕ್ರಿ.ಶ. 950ರದು. ಕೆತ್ತನೆಯಲ್ಲಿ ಕಾಳಿ ಎಂಬ ನಾಯಿ, ಎದುರಿಗೆ ಹಂದಿ. ಸತ್ತ ನಾಯಿಗೆ ಹೆಸರೂ ಕಲ್ಲೂ ಸಿಕ್ಕಿವೆ. ಅವು ಕಾದಾಡಿದ ಗುಡ್ಡವನ್ನು ಮಾತ್ರ ಚಿತ್ರದಲ್ಲಿ ಹುಡುಕಬೇಡಿ, ಅದು ಅಕ್ಷರದಲ್ಲಿದೆ.