ಅಮೆರಿಕದ ಹೈಸ್ಕೂಲ್ ಬೇಸ್‌ಬಾಲ್: ‘ಕ್ಲಾಸ್’ ವರ್ಷದ ಲೆಕ್ಕ ತಪ್ಪದಿರಲಿ

ಅಮೆರಿಕದ ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ ಕೋಚ್‌ಗಳು ಮೊದಲು ಕೇಳುವುದು ಹುಡುಗ ಯಾವ ‘ಕ್ಲಾಸ್’ ಎಂದು. ಅಂದರೆ ಹನ್ನೆರಡನೇ ತರಗತಿ ಮುಗಿಸುವ ಇಸವಿ. ಶಾಲಾ ವರ್ಷ ಮುಗಿಯುವ ಇಸವಿ ತೆಗೆದುಕೊಳ್ಳಿ, ಹನ್ನೆರಡನೇ ತರಗತಿಗೆ ಇನ್ನೆಷ್ಟು ವರ್ಷ ಬಾಕಿಯೋ ಅಷ್ಟು ಕೂಡಿಸಿ. 2025–26ರಲ್ಲಿ ಒಂಬತ್ತನೇ ತರಗತಿ ಓದುವವನದು 2026 + 3, ಅಂದರೆ 2029. ಎಡವುವುದು ಬೇಸಿಗೆ ರಜೆಯಲ್ಲಿ: ಜೂನ್‌ನಲ್ಲಿ ಫಾರ್ಮ್ ತುಂಬುವಾಗ ಮುಂದಿನ ತರಗತಿಯನ್ನು ಹಳೆಯ ಇಸವಿಗೆ ಸೇರಿಸಿದರೆ ಒಂದು ವರ್ಷ ಕಡಿಮೆ ಬರುತ್ತದೆ.

ಬೇಸಿಗೆ ಟೂರ್ನಿಗಳ ‘17ಯು’ (17 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರ) ತಂಡದಲ್ಲಿ ಹೆಚ್ಚಾಗಿ ಹನ್ನೆರಡನೇ ತರಗತಿಗೆ ಕಾಲಿಡಲಿರುವವರು ಇರುತ್ತಾರೆ. ಕೆಲವು ಟೂರ್ನಿಗಳು ಹುಟ್ಟಿದ ದಿನಾಂಕ ನೋಡುತ್ತವೆ, ಕೆಲವು ಕ್ಲಾಸ್ ವರ್ಷ, ಕೆಲವು ಎರಡನ್ನೂ. ಹಾಗಾಗಿ ಜನನ ಪ್ರಮಾಣಪತ್ರ, ರಿಪೋರ್ಟ್ ಕಾರ್ಡ್ ಎರಡೂ ಕೈಯಲ್ಲಿರಲಿ.

ಮೈ ಬಲಿಯಲಿ ಎಂದು ಹುಡುಗನನ್ನು ಒಂದು ವರ್ಷ ಹಿಂದಕ್ಕೆ ಹಾಕುವುದು ಈಗ ಸಾಮಾನ್ಯ. ಇಲ್ಲೇ ಜಾಗ್ರತೆ ಬೇಕು. ಶಾಲಾ ತಂಡದಲ್ಲಿ ಆಡಲು ರಾಜ್ಯದ ವಯೋಮಿತಿ ಒಂದೊಂದು ಕಡೆ ಒಂದೊಂದು ಥರ. 2010ರ ಆಗಸ್ಟ್ 20ರಂದು ಹುಟ್ಟಿದವನು ತಡವಾಗಿ ಶಾಲೆಗೆ ಸೇರಿ, ಎಂಟನೇ ತರಗತಿಯನ್ನೂ ಎರಡು ಸಲ ಓದಿದರೆ ಅವನ ಕ್ಲಾಸ್ 2030. ಟೆಕ್ಸಾಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದು, ಆದ್ದರಿಂದ ಕೊನೆಯ ವರ್ಷ ಅವನು ಶಾಲಾ ತಂಡದಲ್ಲಿ ಆಡುವಂತಿಲ್ಲ. ಕ್ಯಾಲಿಫೋರ್ನಿಯಾದ ಗಡುವು ಜೂನ್ 15. ಅದಕ್ಕೂ ಮೊದಲೇ 19 ತುಂಬಿದವರಿಗೆ ಮಾತ್ರ ಮುಂದಿನ ಶಾಲಾ ವರ್ಷ ಅಡ್ಡಿ, ಆದ್ದರಿಂದ ವಯಸ್ಸಿನ ಲೆಕ್ಕದಲ್ಲಿ ಇದೇ ಹುಡುಗನಿಗೆ ಅಲ್ಲಿ ತೊಂದರೆಯಿಲ್ಲ.

ಹೈಸ್ಕೂಲ್ ಸೇರಿದ ಮೇಲೆ ಹಿಂದಕ್ಕೆ ಹಾಕಿದರೆ ತೊಡಕು ಇನ್ನೂ ದೊಡ್ಡದು. ಕಾಲೇಜು ಕ್ರೀಡೆಯ ನಿಯಮ ರೂಪಿಸುವ ಸಂಸ್ಥೆ ಎನ್‌ಸಿಎಎ, ಬೇಕಾದ ಕೋರ್ಸ್‌ಗಳನ್ನು ಮುಗಿಸಲು ಕೊಡುವ ಗಡುವು ಒಂಬತ್ತನೇ ತರಗತಿ ಮೊದಲ ಸಲ ಶುರುವಾದಾಗಿನಿಂದ ನಾಲ್ಕು ವರ್ಷ. ತರಗತಿ ಮರುಓದಿದರೂ ಅದು ಹೊಸದಾಗಿ ಆರಂಭವಾಗುವುದಿಲ್ಲ. ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ 1ಕ್ಕೆ 16 ಕೋರ್ ಕೋರ್ಸ್ (ಎನ್‌ಸಿಎಎ ಒಪ್ಪುವ ಮುಖ್ಯ ವಿಷಯಗಳ ಕೋರ್ಸ್) ಬೇಕು. ಅದರಲ್ಲಿ 10 ಏಳನೇ ಸೆಮಿಸ್ಟರ್‌ಗೆ, ಅಂದರೆ ನಾಲ್ಕನೇ ವರ್ಷಕ್ಕೆ, ಮುಂಚೆಯೇ ಮುಗಿದಿರಬೇಕು, ಆ ಹತ್ತರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವು. ಐದನೇ ವರ್ಷದಲ್ಲಿ ಅಂಕ ಸುಧಾರಿಸಿಕೊಳ್ಳೋಣ ಎಂಬ ಆಸೆ ಬೇಡ.

ಭಾರತದಲ್ಲಿ ಒಂಬತ್ತನೇ ತರಗತಿ ಮುಗಿಸಿ ಬಂದ ಮಗನನ್ನು ಅಮೆರಿಕದಲ್ಲಿ ಮತ್ತೆ ಒಂಬತ್ತಕ್ಕೇ ಸೇರಿಸುವ ಕನ್ನಡ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಊರಿನ ಒಂಬತ್ತನೇ ತರಗತಿಯಿಂದಲೇ ಎಣಿಕೆ ಶುರು. ಆ ಅಂಕಪಟ್ಟಿಯನ್ನು ಜೋಪಾನವಾಗಿಡಿ, ಸೇರಿಸುವ ಮೊದಲೇ ಶಾಲೆಯ ಕೌನ್ಸೆಲರ್ ಜೊತೆ ಮಾತಾಡಿ.

ಮುಂದಕ್ಕೆ ಜಿಗಿಯುವವರೂ ಇದ್ದಾರೆ. 2011ರ ಕ್ಲಾಸ್‌ನ ಬೇಸ್‌ಬಾಲ್ ತಾರೆ ಬ್ರೈಸ್ ಹಾರ್ಪರ್ ಹತ್ತನೇ ತರಗತಿಯ ನಂತರ ಜಿಇಡಿ (ಹೈಸ್ಕೂಲ್‌ಗೆ ಸಮಾನವಾದ ಪರೀಕ್ಷೆ) ಪಾಸು ಮಾಡಿ, ಜೂನಿಯರ್ ಕಾಲೇಜಿನಲ್ಲಿ ಒಂದು ಸೀಸನ್ ಆಡಿ, 17ನೇ ವಯಸ್ಸಿನಲ್ಲೇ 2010ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮೊದಲಿಗನಾಗಿ ಆಯ್ಕೆಯಾದ. ಅಂಥ ಪ್ರತಿಭೆ ಅಪರೂಪ. ಬೇರೆಯವರಿಗೆ ಈ ದಾರಿ ಸೂಚಿಸಲಾರೆವು.

ಕ್ಲಾಸ್ ಬದಲಾದರೆ ಟೂರ್ನಿ ಪ್ರೊಫೈಲ್, ಎನ್‌ಸಿಎಎ ಖಾತೆ, ಕೋಚ್‌ಗಳಿಗೆ ಕಳಿಸಿದ ವಿಡಿಯೊ, ಎಲ್ಲ ಕಡೆ ಕೂಡಲೇ ತಿದ್ದಿ. ಡಿವಿಷನ್ 1 ಕೋಚ್‌ಗಳು ಹನ್ನೊಂದನೇ ತರಗತಿಗೆ ಮುಂಚಿನ ಆಗಸ್ಟ್ 1ರಿಂದ ಹುಡುಗನೊಂದಿಗೆ ನೇರವಾಗಿ ಮಾತಾಡಬಹುದು. ಪ್ರೊಫೈಲ್‌ನಲ್ಲಿ ಒಂದು ವರ್ಷ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಶಾಲೆಯ ಅಂಕದಾಖಲೆ) ಇನ್ನೊಂದು ವರ್ಷ ಕಂಡರೆ ಅವರು ಕರೆ ಮಾಡಲು ಹಿಂಜರಿಯುತ್ತಾರೆ.